ಪ್ರಕಾಶ್ ಪಡುಕೋಣೆ: ಒಂದು ಕಿರೀಟದ ತೂಕವೆಷ್ಟು?

ಮಧುಗಿರಿಯ ಏಕಶಿಲಾ ಬೆಟ್ಟ ಎಷ್ಟು ಎತ್ತರವೆಂದು ಕೇಳಿದರೆ ಉತ್ತರ ಹೇಳುವುದು ಸುಲಭ. ಮೋಜಣಿಯವರು ಅಳೆದ ಅಂಕಿಯನ್ನು ತೋರಿಸಿದರೆ ವಾದ ಮುಗಿಯಿತು. ಆಟಗಾರನೊಬ್ಬನ ಎತ್ತರವನ್ನು ಅಳೆಯುವ ಸರಪಳಿ ಮಾತ್ರ ಇನ್ನೂ ಹುಟ್ಟಿಲ್ಲ. ಆದುದರಿಂದಲೇ ಮಧುಗಿರಿಯಿರಲಿ, ಶಿರಾ, ಕೊರಟಗೆರೆ, ಪಾವಗಡಗಳಿರಲಿ, ಕಾಫಿಯ ಲೋಟ ಹಿಡಿದು ನಾಲ್ವರು ಕುಳಿತಲ್ಲಿ ಹಳೆಯ ವೀರರ ತೂಕದ ಮಾತು ಒಮ್ಮೆಯಾದರೂ ಬಂದೇ ಬರುತ್ತದೆ.

ಗರಡಿಯವರದು ಈ ವಿಷಯದಲ್ಲಿ ನೇರವಾದ ನ್ಯಾಯ. ಸರಿಸಮನಾದ ಆಳುಗಳನ್ನು ನೋಡಿಯೇ ಅವರು ಜೋಡಿ ಕಟ್ಟುತ್ತಾರೆ. ಮುಷ್ಟಿಯುದ್ಧದಲ್ಲೂ ಹಾಗೆಯೇ, 135 ಪೌಂಡಿಗೆ ಮೀರದವರದು ಲೈಟ್‌ವೇಟ್ ಎಂಬ ಒಂದು ವರ್ಗ. ಇಷ್ಟೆಲ್ಲ ತೂಗಿ ನೋಡಿದರೂ, 1902ರಿಂದ 1908ರವರೆಗೆ ಆ ವರ್ಗವನ್ನಾಳಿದ ಜೋ ಗ್ಯಾನ್ಸ್ ದೊಡ್ಡವನೋ, 1917ರಿಂದ 1925ರವರೆಗೆ ಆಳಿದ ಬೆನ್ನಿ ಲಿಯೊನಾರ್ಡ್ ದೊಡ್ಡವನೋ ಎಂಬ ಜಗಳ ಅಮೆರಿಕದಲ್ಲಿ ನೂರು ವರ್ಷ ಕಳೆದರೂ ತೀರಿಲ್ಲ. ಹೀಗಿರುವಾಗ ದೇಹದ ತೂಕವನ್ನೇ ಕೇಳದ ಬ್ಯಾಡ್ಮಿಂಟನ್ನಿನಲ್ಲಿ ತೀರ್ಪು ಕೊಡುವುದು ಇನ್ನೂ ಕಠಿಣ. ಕನ್ನಡನಾಡಿನ ಮಟ್ಟಿಗೆ ಆ ತೀರ್ಪು ಬಯಸುವ ಹೆಸರು ಒಂದೇ: ಪ್ರಕಾಶ್ ಪಡುಕೋಣೆ.

ಅವರು ಹುಟ್ಟಿದ್ದು 1955ರ ಜೂನ್ 10ರಂದು, ಬೆಂಗಳೂರಿನಲ್ಲಿ. ಮನೆತನದ ಮೂಲ ಕುಂದಾಪುರದ ಕಡೆಯ ಪಡುಕೋಣೆ. ಹದಿನಾರರ ಪ್ರಾಯದಲ್ಲಿಯೇ ಕಿರಿಯರ ಹಾಗೂ ಹಿರಿಯರ ರಾಷ್ಟ್ರೀಯ ಪ್ರಶಸ್ತಿಗಳೆರಡನ್ನೂ ಗೆದ್ದ ಹುಡುಗ, ಅದೂ ಸೇರಿ ಸತತವಾಗಿ ಒಂಬತ್ತು ಬಾರಿ ಹಿರಿಯರ ಪ್ರಶಸ್ತಿಯನ್ನು ಗೆದ್ದರು. 1978ರಲ್ಲಿ ಎಡ್ಮಂಟನ್ನಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ದೊರೆಯಿತು. 1980ರಲ್ಲಿ ಡೆನ್ಮಾರ್ಕ್ ಹಾಗೂ ಸ್ವೀಡನ್ ಪಂದ್ಯಾವಳಿಗಳನ್ನು ಗೆದ್ದು, ಅದೇ ವರ್ಷ ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಕಿರೀಟವನ್ನೂ ಧರಿಸಿದರು. ಆ ಕಿರೀಟ ಭಾರತೀಯನೊಬ್ಬನ ತಲೆಯೇರಿದ್ದು ಅದೇ ಮೊದಲು. 1947ರಲ್ಲಿ ಪ್ರಕಾಶ್ ನಾಥ್ ಅಂತಿಮ ಪಂದ್ಯದವರೆಗೆ ಬಂದು ಸೋತಿದ್ದರು.

ಆಕ್ಷೇಪದ ಪಕ್ಷ

ಇಷ್ಟಾದರೂ ಆಕ್ಷೇಪಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಇಂಡೊನೇಷ್ಯದ ರೂಡಿ ಹಾರ್ಟೊನೊ 1968ರಿಂದ 1974ರವರೆಗೆ ಒಂದೇ ಸಮನೆ ಏಳು ಬಾರಿ, 1976ರಲ್ಲಿ ಮತ್ತೊಮ್ಮೆ, ಒಟ್ಟು ಎಂಟು ಸಲ ಆಲ್ ಇಂಗ್ಲೆಂಡ್ ಗೆದ್ದವನು. ಪ್ರಕಾಶರದು ಒಂದೇ ಒಂದು. ಮರುವರ್ಷವೇ ಅಂತಿಮ ಪಂದ್ಯದಲ್ಲಿ ಲಿಯೆಮ್ ಸ್ವೀ ಕಿಂಗ್ ತನ್ನ ಕಿರೀಟವನ್ನು ಮರಳಿ ಕಿತ್ತುಕೊಂಡ. 1983ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಪ್ರಕಾಶರಿಗೆ ದಕ್ಕಿದ್ದು ಕಂಚು ಮಾತ್ರ.

ಇದಕ್ಕಿಂತಲೂ ಹರಿತವಾದ ಆಕ್ಷೇಪ ಇನ್ನೊಂದಿದೆ. 1980ರಲ್ಲಿ ಚೀನದವರು ಅಂತರರಾಷ್ಟ್ರೀಯ ಫೆಡರೇಷನ್ನಿನ ಹೊರಗೇ ಇದ್ದರು. ಎರಡು ಸಂಸ್ಥೆಗಳು ಒಂದಾಗಿ ಅವರು ಈ ಕಣಕ್ಕೆ ಬಂದದ್ದು 1981ರಲ್ಲಿ. ಜಗತ್ತಿನ ಅತ್ಯುತ್ತಮರಲ್ಲಿ ಅರ್ಧದಷ್ಟು ಮಂದಿ ಬಾಗಿಲಾಚೆ ನಿಂತಿರುವಾಗ ಗೆದ್ದ ಪ್ರಶಸ್ತಿಗೆ ಬೆಲೆ ಎಷ್ಟು ಎಂದು ಕೇಳಿದರೆ, ಆ ಪ್ರಶ್ನೆ ಅಸೂಯೆಯದಲ್ಲ; ನ್ಯಾಯವಾದದ್ದೇ.

ಉತ್ತರದ ಪಕ್ಷ

ಉತ್ತರ ಕೊಟ್ಟವರು ಅಭಿಮಾನಿಗಳಲ್ಲ, ಸ್ವತಃ ಪ್ರಕಾಶರು. 1981ರಲ್ಲಿ ಕ್ವಾಲಾಲಂಪುರದಲ್ಲಿ ಮೊದಲ ವಿಶ್ವಕಪ್ ನಡೆಯಿತು. ಅಂತಿಮ ಪಂದ್ಯದಲ್ಲಿ ಎದುರು ನಿಂತವನು ಚೀನದ ಹಾನ್ ಜಿಯಾನ್. ಮೊದಲ ಆಟ 15–0, ಎರಡನೆಯದು 18–16. ಒಂದಂಕವನ್ನೂ ಕೊಡದೆ ಮೊದಲ ಆಟವನ್ನು ಮುಗಿಸಿದ್ದು ಕೈಚಳಕದ ಸಾಕ್ಷಿಯಾದರೆ, ಮೈಮೇಲೆ ಬಂದ ಎರಡನೆಯ ಆಟವನ್ನು ದಡ ಮುಟ್ಟಿಸಿದ್ದು ಎದೆಗಾರಿಕೆಯ ಸಾಕ್ಷಿ. ಬಾಗಿಲಾಚೆ ನಿಂತಿದ್ದವರು ಒಳಗೆ ಬಂದ ವರ್ಷವೇ ಅವರ ಮುಂದೆ ಗೆದ್ದು ತೋರಿಸಿದವನ ಹಿಂದಿನ ಗೆಲುವನ್ನು ಅದೃಷ್ಟವೆಂದು ಕರೆಯುವುದು ಹೇಗೆ?

ಇನ್ನು ವೆಂಬ್ಲಿಯ ಮಾತು. ಲಿಯೆಮ್ ಸ್ವೀ ಕಿಂಗ್ 1978 ಹಾಗೂ 1979ರಲ್ಲಿ ಗೆದ್ದು, ಮೂರನೆಯ ಸಲಕ್ಕೆ ಹವಣಿಸುತ್ತಿದ್ದ ಆಟಗಾರ. ನೆಗೆದು ಮೇಲಿನಿಂದ ಹೊಡೆಯುವ ಅವನ ಸ್ಮ್ಯಾಷ್ ಎದುರಾಳಿಗಳಿಗೆ ಸಿಡಿಲಾಗಿತ್ತು. ಸಿಡಿಲಿಗೆ ಸಿಡಿಲನ್ನೇ ಒಡ್ಡುವ ಹುಚ್ಚಿಗೆ ಪ್ರಕಾಶರು ಹೋಗಲಿಲ್ಲ. ವೇಗವನ್ನು ತಗ್ಗಿಸಿ, ಬಲೆಯ ಬಳಿ ಮೆಲ್ಲನೆ ಇಳಿಬಿಟ್ಟು, ಮರುಗಳಿಗೆಯಲ್ಲಿ ಹಿಂದಿನ ಗೆರೆಗೆ ಎತ್ತಿ ಕಳುಹಿಸಿ, ನೆಗೆಯಬೇಕಾದವನನ್ನು ಬಗ್ಗುವಂತೆ ಮಾಡಿದರು. ಫಲ 15–3, 15–10. ಸರ್ವಿಸ್ ಮಾಡಿದವನಿಗೆ ಮಾತ್ರ ಅಂಕ ಸಿಗುತ್ತಿದ್ದ ಆ ಕಾಲದ ನಿಯಮದಲ್ಲಿ, ಎರಡು ವರ್ಷದ ಚಾಂಪಿಯನ್ನನನ್ನು ಮೂರಂಕಕ್ಕೆ ಕಟ್ಟಿಹಾಕಿದ್ದು ಸಾಮಾನ್ಯ ಸಾಹಸವಲ್ಲ. ಜೋಡಿ ಕಟ್ಟುವ ಗರಡಿಯ ಉಸ್ತಾದನು ಇದನ್ನು ಕಂಡಿದ್ದರೆ, ತೂಕಕ್ಕಿಂತ ಪಟ್ಟು ದೊಡ್ಡದೆಂಬ ಹಳೆಯ ಮಾತನ್ನು ನೆನೆದು ತಲೆದೂಗುತ್ತಿದ್ದನು.

ನಿಂತ ನೆಲ

ಎಷ್ಟು ಗೆದ್ದರೆಂಬ ಲೆಕ್ಕದ ಜೊತೆಗೆ ಎಲ್ಲಿಂದ ಹೊರಟರೆಂಬ ಲೆಕ್ಕವೂ ಸೇರಬೇಕು. ಷಟಲಿನ ತೂಕ ಐದು ಗ್ರಾಂ ಆಸುಪಾಸು. ಹದಿನಾರು ಗರಿಗಳ ಆ ಹಗುರ ವಸ್ತುವಿಗೆ ಗಾಳಿಯೇ ಶತ್ರು. ಬಯಲುಸೀಮೆಯ ಹೈಸ್ಕೂಲು ಮೈದಾನದಲ್ಲಿ ಎರಡು ಕಂಬ ನೆಟ್ಟು ಬಲೆ ಕಟ್ಟಿ ಆಡಿದವರಿಗೆಲ್ಲ ಇದರ ಅನುಭವವುಂಟು: ಎತ್ತಿ ಹೊಡೆದ ಷಟಲ್ ಎಲ್ಲಿ ಇಳಿಯುವುದೆಂಬುದು ಹೊಡೆದವನಿಗೂ ತಿಳಿಯದು. ಈ ಆಟಕ್ಕೆ ಮೇಲೆ ಸೂರು, ಸುತ್ತ ಗೋಡೆ ಬೇಕೇ ಬೇಕು.

ಪ್ರಕಾಶರ ಬಾಲ್ಯದಲ್ಲಿ ಬೆಂಗಳೂರಿನಲ್ಲೂ ಅಂಥ ಸೂರು ದುರ್ಲಭ. ತಂದೆ ರಮೇಶ ಪಡುಕೋಣೆಯವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಗಳು. ಮಗನಿಗೆ ಆಟದ ರುಚಿ ಹತ್ತಿಸಿದವರೂ ಅವರೇ. ಆದರೆ ಅಭ್ಯಾಸಕ್ಕೆ ದೊರೆತ ಅಂಗಳ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಸಭಾಂಗಣ. ಮದುವೆಗಳೂ ನಡೆಯುವ ಜಾಗ. ಲಗ್ನವಿದ್ದ ದಿನ ಆಟವಿಲ್ಲ. ಚಪ್ಪರ ಬಿಚ್ಚಿ, ನೆಂಟರು ಹೋಗಿ, ನೆಲ ತೆರವಾಗುವವರೆಗೂ ಹುಡುಗರು ಕಾಯಬೇಕು. ಹೀಗೆ ಕಾಯುವುದನ್ನು ಕಲಿತವನೇ ವೆಂಬ್ಲಿಯಲ್ಲಿ ಕಿಂಗ್‌ನ ತಾಳ್ಮೆ ಕೆಡುವವರೆಗೆ ಕಾದದ್ದು ಎಂದರೆ ಅತಿಶಯೋಕ್ತಿಯಾದೀತೇ?

ತೀರ್ಪು

ಪ್ರಶಸ್ತಿಗಳನ್ನು ಎಣಿಸಿ ಕೂಡುವುದಾದರೆ ಹಾರ್ಟೊನೊ ಮುಂದೆ; ಇದನ್ನು ಒಪ್ಪಿದರೆ ಪ್ರಕಾಶರ ಗೌರವಕ್ಕೆ ಕುಂದಿಲ್ಲ. ಆದರೆ ಹಾರ್ಟೊನೊ ನಡೆದದ್ದು ಹಿಂದಿನವರು ಹಾಕಿಕೊಟ್ಟ ಹೆದ್ದಾರಿಯಲ್ಲಿ. ಅವನಿಗಿಂತ ಮೊದಲೇ ಇಂಡೊನೇಷ್ಯ ಥಾಮಸ್ ಕಪ್ ಗೆದ್ದಿತ್ತು. ಪ್ರಕಾಶರು ಕಾಲುದಾರಿಯನ್ನು ತಾವೇ ಕಡಿದುಕೊಂಡು ನಡೆದರು, ಹಿಂದೆ ಬರುವವರಿಗೆಂದು ಅದನ್ನು ಅಗಲವೂ ಮಾಡಿದರು. 1994ರಲ್ಲಿ ಬೆಂಗಳೂರಿನಲ್ಲಿ ವಿಮಲ್ ಕುಮಾರ್ ಮೊದಲಾದವರೊಡನೆ ಅಕಾಡೆಮಿಯನ್ನು ಕಟ್ಟಿದರು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಕಿರೀಟವನ್ನು ಭಾರತಕ್ಕೆ ಎರಡನೆಯ ಸಲ ತಂದರು. ಒಂದು ಕಿರೀಟದ ತೂಕವನ್ನು ತಕ್ಕಡಿಗಿಡುವಾಗ ಅದರಿಂದ ಹುಟ್ಟಿದ ಇನ್ನೊಂದು ಕಿರೀಟವನ್ನು ಹೊರಗಿಡುವುದು ನ್ಯಾಯವಲ್ಲ.

ಈ ವಾದದಿಂದ ಊರಿಗೇನು ಲಾಭವೆಂದು ಕೇಳುವವರಿಗೂ ಒಂದು ಉತ್ತರವಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಕಲ್ಯಾಣಮಂಟಪಗಳಿಗೆ ಕೊರತೆಯಿಲ್ಲ. ಆಷಾಢದಲ್ಲಿ ಅವುಗಳಿಗೆ ಬಿಡುವೋ ಬಿಡುವು. ಸೂರು ಎತ್ತರವಾಗಿದ್ದು, ನಲವತ್ತನಾಲ್ಕು ಅಡಿ ಉದ್ದ, ಹದಿನೇಳು ಅಡಿ ಅಗಲದ ನೆಲವೂ ಸುತ್ತ ಒಂದಿಷ್ಟು ತೆರಪೂ ಇರುವ ಮಂಟಪದಲ್ಲಿ, ಐದಡಿ ಎತ್ತರಕ್ಕೆ ಒಂದು ಬಲೆ ಕಟ್ಟಲು ಊರಿನ ಹಿರಿಯರು ಮನಸ್ಸು ಮಾಡಿದರೆ ಸಾಕು. ಅಲ್ಲಿ ಆಡುವ ಮಕ್ಕಳೆಲ್ಲ ಪ್ರಕಾಶರಾಗಲಾರರು, ನಿಜ. ಆದರೆ ಪ್ರಕಾಶರೂ ಒಂದು ಕಾಲಕ್ಕೆ, ಮದುವೆಯವರು ಯಾವಾಗ ಹೊರಡುವರೋ ಎಂದು ಬಾಗಿಲಲ್ಲಿ ಇಣುಕುತ್ತಿದ್ದ ಹುಡುಗನೇ.