ಹಳೆಯ ಜೀಪು: ದುರಸ್ತಿಯೋ, ಮಾರಾಟವೋ?

ಮಳೆಗಾಲ ಕಳೆದು ಕಾಫಿಯ ಕಾಯಿ ಕೆಂಪೇರುವ ದಿನಗಳಲ್ಲಿ ನಾವು ಮೂಡಿಗೆರೆಯ ಕಡೆಯ ಮಿತ್ರರೊಬ್ಬರ ತೋಟಕ್ಕೆ ಹೋಗಿದ್ದೆವು. ಅವರ ಮನೆಯ ಪಕ್ಕದ ಮಾಡಿನ ಕೆಳಗೆ ಇಪ್ಪತ್ತನಾಲ್ಕು ವರ್ಷದ ಡೀಸಲ್ ಜೀಪೊಂದು ನಿಂತಿತ್ತು. ಗೊಬ್ಬರದ ಮೂಟೆಗಳನ್ನು ಹೊತ್ತುದು ಅದು. ಕೆಲಸದವರನ್ನು ಸಂತೆಗೆ ಒಯ್ದುದು ಅದು. ಆಷಾಢದ ಒಂದು ರಾತ್ರಿ ಹೆರಿಗೆಯ ನೋವಿನಲ್ಲಿದ್ದ ಹೆಣ್ಣುಮಗಳೊಬ್ಬಳನ್ನು ಕೆಸರು ದಾಟಿಸಿ ಆಸ್ಪತ್ರೆಗೆ ಮುಟ್ಟಿಸಿದುದೂ ಅದೇ. ಈಗ ಅದು ಏರು ಬಂದರೆ ಏದುಸಿರು ಬಿಡುತ್ತಿತ್ತು. ಹಿಂದೆ ನೀಲಿ ಹೊಗೆ ಕವಿಯುತ್ತಿತ್ತು. ಎಂಜಿನನ್ನು ಬಿಚ್ಚಿ ಸರಿಪಡಿಸಲು 90,000 ರೂಪಾಯಿ ಬೇಕೆಂದು ಮೆಕ್ಯಾನಿಕ್ ಹೇಳಿದ್ದನು. ಅದೇ ವಾರ ಹಳೆಯ ವಾಹನಗಳ ವ್ಯಾಪಾರಿಯೊಬ್ಬನು ಬಂದು, ಇದ್ದ ಸ್ಥಿತಿಯಲ್ಲೇ 1,50,000 ರೂಪಾಯಿಗೆ ಕೊಳ್ಳುವೆನೆಂದಿದ್ದನು.

“ಕಳೆದ ವರ್ಷವಷ್ಟೇ ಗೇರುಪೆಟ್ಟಿಗೆಗೆ 60,000 ಸುರಿದಿದ್ದೇನೆ. ಈಗ ಮಾರಿದರೆ ಅದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ನೀವು ವಿಜ್ಞಾನ ಓದಿದವರು, ಲೆಕ್ಕ ಹಾಕಿ ಹೇಳಿ” ಎಂದರು ಮಿತ್ರರು.

ಇದು ಅವರೊಬ್ಬರ ಪ್ರಶ್ನೆಯಲ್ಲ. 1940ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ರೂಪುಗೊಂಡು, ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದ ಜೀಪು, 1947ರಿಂದ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆಯ ಮೂಲಕ ನಮ್ಮ ದೇಶದಲ್ಲಿಯೂ ಜೋಡಣೆಗೊಳ್ಳತೊಡಗಿತು. ನಾಲ್ಕು ಗಾಲಿಗಳಿಗೂ ಶಕ್ತಿ ಹಂಚುವ ಈ ಬಂಡಿ ಮಲೆನಾಡಿನ ತೋಟಗಳಲ್ಲಿ ಎತ್ತಿನ ಜೋಡಿಯಷ್ಟೇ ಆಪ್ತವಾಯಿತು. ಆದುದರಿಂದಲೇ ಅದು ಮುದಿಯಾದಾಗ ಮನಸ್ಸು ಒಂದು ಹೇಳುತ್ತದೆ, ಕೈಚೀಲ ಇನ್ನೊಂದು ಹೇಳುತ್ತದೆ. ಇವೆರಡರ ನಡುವೆ ನ್ಯಾಯ ತೀರಿಸಲು ವಿಜ್ಞಾನಕ್ಕೆ ಸಾಧ್ಯವೇ? ನೋಡೋಣ.

ಕಳೆದುಹೋದ ಹಣ

ಮೊದಲು ಆ 60,000 ರೂಪಾಯಿಯ ವಿಚಾರ. ಜೀಪನ್ನು ಇಟ್ಟುಕೊಂಡರೂ ಆ ಹಣ ಮರಳಿ ಬಾರದು; ಮಾರಿದರೂ ಬಾರದು. ಸಮೀಕರಣದ ಎರಡೂ ಬದಿಗಳಲ್ಲಿ ಒಂದೇ ಸಂಖ್ಯೆ ಇದ್ದರೆ ಅದನ್ನು ಎರಡೂ ಕಡೆಯಿಂದ ಕಳೆದುಬಿಡಬಹುದೆಂದು ಬೀಜಗಣಿತದಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಬಾಳಿನ ಲೆಕ್ಕಕ್ಕೂ ಇದೇ ನಿಯಮ. ಹೊಸ ಗೇರುಪೆಟ್ಟಿಗೆಯಿಂದ ಜೀಪಿನ ಈಗಿನ ಬೆಲೆ ಏರಿದ್ದರೆ ಆ ಏರಿಕೆ ವ್ಯಾಪಾರಿಯ ಬೆಲೆಯಲ್ಲೇ ಸೇರಿರುತ್ತದೆ. ಖರ್ಚಾದ ಹಣಕ್ಕಾಗಿ ಪಡುವ ಸಂಕಟ ನಿಜವಾದುದೇ. ಆದರೆ ಮುಂದಿನ ದಾರಿಯನ್ನು ಆರಿಸುವ ಹಕ್ಕು ಅದಕ್ಕಿಲ್ಲ.

ಇನ್ನು ಮುಂದಿನ ಲೆಕ್ಕ. ಇಟ್ಟುಕೊಳ್ಳುವುದೆಂದರೆ, ಮಾರಿದರೆ ಸಿಗಬಹುದಾಗಿದ್ದ 1,50,000 ರೂಪಾಯಿಯನ್ನು ಬಿಟ್ಟುಕೊಡುವುದು; ಅಂದರೆ ತಮ್ಮ ಜೀಪನ್ನು ತಾವೇ ಮತ್ತೆ ಆ ಬೆಲೆಗೆ ಕೊಂಡಂತೆ. ಅದಕ್ಕೆ ದುರಸ್ತಿಯ 90,000 ಸೇರಿಸಿದರೆ 2,40,000. ವರ್ಷಕ್ಕೆ 30,000ದಂತೆ ಐದು ವರ್ಷದ ಸಣ್ಣಪುಟ್ಟ ರಿಪೇರಿಗೆ 1,50,000. ಐದು ವರ್ಷದ ಕೊನೆಯಲ್ಲಿ ಅದು 80,000ಕ್ಕೆ ಹೋಗುವುದೆಂದು ಭಾವಿಸಿದರೆ ನಿವ್ವಳ ವೆಚ್ಚ 3,10,000, ಅಂದರೆ ವರ್ಷಕ್ಕೆ 62,000. ತೊಡಗಿಸಿದ ಹಣಕ್ಕೆ ಬಡ್ಡಿಯೂ ಉಂಟು. ಆರಂಭದ 2,40,000 ಮತ್ತು ಕೊನೆಯ 80,000, ಇವುಗಳ ಸರಾಸರಿ 1,60,000ಕ್ಕೆ ಶೇಕಡ 8ರಂತೆ 12,800. ಒಟ್ಟು ವರ್ಷಕ್ಕೆ 74,800 ರೂಪಾಯಿ.

ಮಾರಿ, ಪ್ರಾಯದಲ್ಲಿ ಕಿರಿದಾದ ಇನ್ನೊಂದು ಜೀಪನ್ನು 4,00,000ಕ್ಕೆ ಕೊಂಡರೆ? ವರ್ಷದ ರಿಪೇರಿ 15,000. ಐದು ವರ್ಷದ ಅನಂತರದ ಬೆಲೆ 2,20,000 ಎಂದು ಇಟ್ಟುಕೊಳ್ಳೋಣ. ನಿವ್ವಳ ವೆಚ್ಚ 2,55,000, ವರ್ಷಕ್ಕೆ 51,000. ಬಡ್ಡಿ, ಸರಾಸರಿ 3,10,000ಕ್ಕೆ, 24,800. ಒಟ್ಟು 75,800. ಇವು ನಾವೂ ಮಿತ್ರರೂ ಕುಳಿತು ಅಂದಾಜಿಸಿದ ಸಂಖ್ಯೆಗಳು. ಬೇರೆ ಜೀಪಿಗೆ ಬೇರೆ ಸಂಖ್ಯೆ ಬರುವುದು. ಆದರೆ ವಿಧಾನ ಅದೇ.

ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿ ನಿಂತವು! ಮಿತ್ರರ ಮುಖ ಅರಳಿತು. “ಹಾಗಾದರೆ ಇಟ್ಟುಕೊಳ್ಳುತ್ತೇನೆ” ಎಂದರು. ಆದರೆ ಮೊದಲ ಲೆಕ್ಕದೊಳಗೆ ನಾವು ಸದ್ದಿಲ್ಲದೆ ಒಂದು ಊಹೆಯನ್ನು ಸೇರಿಸಿದ್ದೆವು: ದುರಸ್ತಿಯಾದ ಜೀಪು ಇನ್ನೂ ಐದು ವರ್ಷ ಬಾಳುತ್ತದೆ ಎಂಬುದು. ಇದಕ್ಕೆ ಜಾಮೀನು ಯಾರು?

ಎಂಜಿನೋ, ಎಲುಬೋ?

ಎಂಜಿನ್ ಕೆಟ್ಟಿತೆಂದರೆ ಜೀಪೇ ಕೆಟ್ಟಿತೆಂದು ಸಾಮಾನ್ಯರ ಭಾವನೆ. ಡೀಸಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ನು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಅದುಮಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೇರುತ್ತದೆ. ಆ ಕಾವಿಗೆ ಸಿಂಪಡಿಸಿದ ಡೀಸಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಪಿಸ್ಟನ್ನಿನ ಸುತ್ತಲಿನ ಉಂಗುರಗಳು ಸವೆದರೆ ಅದುಮಿದ ಗಾಳಿ ಕೆಳಗೆ ಸೋರುತ್ತದೆ, ಬಲ ಕುಂದುತ್ತದೆ. ಕೆಳಗಿನ ಎಣ್ಣೆ ಮೇಲೇರಿ ಉರಿದು ನೀಲಿ ಹೊಗೆಯಾಗುತ್ತದೆ. ಜೀಪಿನ ಏದುಸಿರಿನ ಗುಟ್ಟು ಇಷ್ಟೇ. ಉಂಗುರ, ಲೈನರು, ಬೇರಿಂಗುಗಳನ್ನು ಬದಲಿಸಿದರೆ ಎಂಜಿನಿಗೆ ಮರುಜನ್ಮ ಬಂದಂತೆ. ಸವೆಯುವ ಭಾಗಗಳು ಬದಲಾಗಲೆಂದೇ ಅದನ್ನು ರಚಿಸಿರುತ್ತಾರೆ.

ಆದರೆ ಎಂಜಿನು, ಗೇರುಪೆಟ್ಟಿಗೆ, ಅಚ್ಚುಗಳು, ಮೇಲಿನ ಒಡಲು, ಇವೆಲ್ಲವೂ ಯಾವುದರ ಮೇಲೆ ನಿಂತಿವೆ? ಏಣಿಯಾಕಾರದ ಚಾಸಿಯ ಮೇಲೆ. ಎರಡು ಉದ್ದನೆಯ ಉಕ್ಕಿನ ತೊಲೆಗಳು, ಅವನ್ನು ಬಿಗಿದ ಅಡ್ಡಪಟ್ಟಿಗಳು. ಇದೇ ಜೀಪಿನ ಬೆನ್ನೆಲುಬು. ಒಂದು ಗಾಲಿ ಬಂಡೆಯ ಮೇಲೂ ಇನ್ನೊಂದು ಗುಂಡಿಯಲ್ಲೂ ಇರುವಾಗ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುವುದು ಈ ಏಣಿಯೇ. ಅದನ್ನು ಬದಲಿಸುವುದೆಂದರೆ ಇಡೀ ವಾಹನವನ್ನು ಬಿಚ್ಚಿ ಮತ್ತೆ ಕಟ್ಟಿದಂತೆ. ಅದರ ಮೇಲೆ ಕೊರೆದ ಸಂಖ್ಯೆಯೇ ನೋಂದಣಿ ಪತ್ರದಲ್ಲಿ ವಾಹನದ ಗುರುತಾದುದರಿಂದ ಸರಕಾರದ ಅನುಮತಿಯೂ ಬೇಕು. ಆದುದರಿಂದ ಹಳೆಯ ಜೀಪಿನ ಆಯುಷ್ಯವೆಂದರೆ ಚಾಸಿಯ ಆಯುಷ್ಯ ಎನ್ನಬಹುದು.

ಕೆಸರಿನ ಕೆಳಗಿನ ಶತ್ರು

ಉಕ್ಕಿಗೆ ಇಬ್ಬರು ಶತ್ರುಗಳು. ಮೊದಲನೆಯವನು ತುಕ್ಕು. ನೀರು ಮತ್ತು ಆಮ್ಲಜನಕಗಳ ಸಂಗದಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಕರಗುತ್ತವೆ; ಮೇಲ್ಮೈಯ ಇನ್ನೊಂದೆಡೆಯಲ್ಲಿ ಆಮ್ಲಜನಕವು ಆ ಎಲೆಕ್ಟ್ರಾನುಗಳನ್ನು ಪಡೆಯುತ್ತದೆ. ಇದೊಂದು ಪುಟ್ಟ ವಿದ್ಯುತ್ಕೋಶವೇ ಸರಿ. ಅಲ್ಯೂಮಿನಿಯಮ್ಮಿನ ಆಕ್ಸೈಡು ಗಟ್ಟಿಯಾದ ತೆಳುಪೊರೆಯಾಗಿ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಾದರೋ ಬಿರುಕುಬಿಟ್ಟು ಉದುರಿ, ಒಳಗಿನ ಲೋಹವನ್ನು ಮತ್ತೆ ಬಯಲು ಮಾಡುತ್ತದೆ.

ವಿಚಿತ್ರವೆಂದರೆ, ಗಾಳಿ ಚೆನ್ನಾಗಿ ಆಡುವಲ್ಲಿಗಿಂತ ಕೆಸರು ಮೆತ್ತಿಕೊಂಡಲ್ಲಿಯೇ ಲೋಹ ಹೆಚ್ಚು ಕರಗುತ್ತದೆ. ಕೆಸರಿನ ಅಡಿಯಲ್ಲಿ ಆಮ್ಲಜನಕ ಕಡಿಮೆ, ಅಂಚಿನಲ್ಲಿ ಹೆಚ್ಚು. ಈ ವ್ಯತ್ಯಾಸದಿಂದಾಗಿ ಅಡಿಯ ಲೋಹವೇ ಎಲೆಕ್ಟ್ರಾನುಗಳನ್ನು ಕೊಡುವ ಧ್ರುವವಾಗಿ ಗುಳಿಬೀಳುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂತಹ ಊರುಗಳಿರುವ ನಮ್ಮ ಘಟ್ಟಪ್ರದೇಶದಲ್ಲಿ ಕೆಮ್ಮಣ್ಣು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಹೊಳೆಯುವ ಬಣ್ಣದ ಜೀಪಿನ ತೊಲೆ ಒಳಗೊಳಗೇ ತೆಳುವಾಗುತ್ತಿರಬಹುದು.

ಎರಡನೆಯ ಶತ್ರು ಲೋಹದ ಆಯಾಸ. ಒಂದು ಕಬ್ಬಿಣದ ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯದು. ಅಲ್ಲಿಯೇ ಹತ್ತಾರು ಬಾರಿ ಹಿಂದುಮುಂದು ಬಗ್ಗಿಸಿದರೆ ಮುರಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜರ್ಮನಿಯ ಆಗಸ್ಟ್ ವೋಲರ್ ಎಂಬ ಎಂಜಿನಿಯರು ರೈಲಿನ ಅಚ್ಚುಗಳು ಏಕೆ ಮುರಿಯುತ್ತವೆಂದು ಪರೀಕ್ಷಿಸಿ, ಒಮ್ಮೆಗೆ ಏನೂ ಮಾಡದಷ್ಟು ಸಣ್ಣ ಬಲವೂ ಲಕ್ಷಾಂತರ ಬಾರಿ ಮರುಕಳಿಸಿದರೆ ಉಕ್ಕನ್ನು ಮುರಿಯಬಲ್ಲುದೆಂದು ತೋರಿಸಿದನು.

ಈ ಇಬ್ಬರು ಶತ್ರುಗಳು ಕೈಗೂಡಿಸಿದರೆ ಏನಾಗುವುದೆಂಬುದನ್ನು ನೋಡಿ. 3 ಮಿಲಿಮೀಟರ್ ದಪ್ಪದ ತೊಲೆಯ ಗೋಡೆ ತುಕ್ಕಿನಿಂದ 2 ಮಿಲಿಮೀಟರಿಗೆ ಇಳಿಯಿತೆನ್ನೋಣ. ಹೊರೆ ಅಷ್ಟೇ, ಹೊರುವ ಲೋಹ ಮೂರರಲ್ಲಿ ಎರಡು ಪಾಲು. ಆದುದರಿಂದ ಲೋಹದೊಳಗಿನ ಒತ್ತಡ ಸುಮಾರು ಒಂದೂವರೆ ಪಟ್ಟಾಗುತ್ತದೆ. ಬೆಸುಗೆ ಹಾಕಿದ ಕೀಲುಗಳಲ್ಲಿ ಆಯುಷ್ಯವು ಸ್ಥೂಲವಾಗಿ ಒತ್ತಡದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಒಂದೂವರೆಯ ಘನ 3.375. ಅಂದರೆ ದಪ್ಪದಲ್ಲಿ ಮೂರನೆಯ ಒಂದು ಪಾಲು ಹೋದರೆ, ಆಯುಷ್ಯದಲ್ಲಿ ಮೂರನೆಯ ಒಂದು ಪಾಲೂ ಉಳಿಯುವುದಿಲ್ಲ!

ಸುತ್ತಿಗೆಯ ಸಾಕ್ಷಿ

ನಾವು ಮೆಕ್ಯಾನಿಕನನ್ನು ಕರೆಸಿ, ಜೀಪನ್ನು ಎತ್ತಿ ನಿಲ್ಲಿಸಿ, ಕೆಸರನ್ನೆಲ್ಲ ತೊಳೆಯಿಸಿದೆವು. ಅವನು ಸಣ್ಣ ಸುತ್ತಿಗೆಯಿಂದ ತೊಲೆಯನ್ನು ಉದ್ದಕ್ಕೂ ಬಡಿಯುತ್ತ ಬಂದನು. ಗಟ್ಟಿ ಉಕ್ಕು ಗಂಟೆಯಂತೆ ಟಣ್ಣೆಂದಿತು. ಹಿಂದಿನ ಎಡಗಡೆಯ ಪಟ್ಟಿ ಸ್ಪ್ರಿಂಗಿನ ಆಧಾರದ ಬಳಿ ಬಂದಾಗ ಸದ್ದು ಒಡಕು ಮಡಕೆಯದಾಯಿತು. ಅಲ್ಲಿ ಚೂಪಾದ ಸ್ಕ್ರೂಡ್ರೈವರನ್ನು ಒತ್ತಿದರೆ ಅದು ಒಳಕ್ಕೇ ಇಳಿಯಿತು. ಬಣ್ಣ ಕೆರೆದಾಗ ಬೆಸುಗೆಯ ಅಂಚಿನಲ್ಲಿ ಬೆರಳುದ್ದದ ಬಿರುಕು ಕಂಡಿತು.

“ಮೇಲೊಂದು ಪಟ್ಟಿ ಹಾಕಿ ಬೆಸೆದರೆ ಆಗದೇ?” ಎಂದು ಮಿತ್ರರು ಕೇಳಿದರು.

“ಬೆಸೆಯಬಹುದು ಗೌಡರೇ. ಆದರೆ ಬೆಸುಗೆ ಹಿಡಿಯಲು ಗಟ್ಟಿ ಲೋಹ ಬೇಕಲ್ಲ? ಸುತ್ತಲೂ ಹಪ್ಪಳವಾಗಿದೆ” ಎಂದನು ಅವನು. ಇಡೀ ಹಿಂಭಾಗದ ಹೊರೆ ಬೀಳುವ ಜಾಗ ಅದು. ಘಟ್ಟದ ಇಳಿಜಾರಿನಲ್ಲಿ ಆ ಆಧಾರ ಕಿತ್ತುಬಂದರೆ ಹಿಂದಿನ ಅಚ್ಚು ಓರೆಯಾಗುತ್ತದೆ, ಮುಂದಿನದನ್ನು ಹೇಳಬೇಕಾಗಿಲ್ಲ.

ಮತ್ತೆ ಲೆಕ್ಕಕ್ಕೆ ಕುಳಿತೆವು. ಬಿರುಕನ್ನು ತೋರಿಸಿ ಮಾರಿದರೆ ಬಿಡಿಭಾಗಗಳ ಬೆಲೆಯಾಗಿ 40,000 ಸಿಗಬಹುದು. ಎಂಜಿನಿಗೆ 90,000 ಹಾಕಿ, ಅದೃಷ್ಟವಿದ್ದು ಎರಡು ವರ್ಷ ಓಡಿತೆನ್ನೋಣ, ರಿಪೇರಿಗೆ 60,000, ಕೊನೆಗೆ ಸಿಗುವುದು 20,000. ನಿವ್ವಳ 1,70,000, ವರ್ಷಕ್ಕೆ 85,000. ಬಡ್ಡಿ 6,000 ಸೇರಿ 91,000. ತಕ್ಕಡಿ ಸ್ಪಷ್ಟವಾಗಿ ವಾಲಿತು. ಇಷ್ಟಾಗಿಯೂ ಪ್ರಾಣಾಪಾಯದ ಬೆಲೆಯನ್ನು ನಾವು ಯಾವ ಅಂಕಣದಲ್ಲಿಯೂ ಬರೆದಿರಲಿಲ್ಲ. ಬರೆಯಲು ಅಂಕಿಯೂ ಇರಲಿಲ್ಲ.

ಉಳಿದದ್ದು ವ್ಯಾಪಾರಿಯ 1,50,000. ಬಿರುಕು ಅವನಿಗೆ ಗೊತ್ತಿಲ್ಲ. ಬಣ್ಣ ಬಳಿದರೆ ಯಾರಿಗೂ ಗೊತ್ತಾಗದು. ಮಿತ್ರರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಕೊನೆಗೆ, “ಇದನ್ನು ಕೊಂಡವರು ತಮ್ಮ ಮಕ್ಕಳನ್ನೂ ಕೂರಿಸಿಕೊಂಡೇ ಅಲ್ಲವೇ ಓಡಿಸುವುದು?” ಎಂದರು. ಮಾರಾಟದಿಂದ ಅಪಾಯ ಅಳಿಯುವುದಿಲ್ಲ, ಕೈ ಬದಲಾಗುತ್ತದೆ ಅಷ್ಟೇ. ವ್ಯಾಪಾರಿಯ ಬೆಲೆಗೂ ನಿಜವಾದ ಬೆಲೆಗೂ ಇದ್ದ 1,10,000 ರೂಪಾಯಿಯ ಅಂತರ, ಕಾಣದ ಬಿರುಕಿನ ಬೆಲೆಯಾಗಿತ್ತು.

ಜೀಪು ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಯಿತು. ಕೇಂದ್ರ ಸರಕಾರವು 2021ರಲ್ಲಿ ಸಾರಿದ ನೀತಿಯಂತೆ ಇಂತಹ ಕೇಂದ್ರಗಳು ಹಳೆಯ ವಾಹನವನ್ನು ಪಡೆದು ಪ್ರಮಾಣಪತ್ರವನ್ನು ಕೊಡುತ್ತವೆ. ಅದರ ಉಕ್ಕು ಕರಗಿ ಮತ್ತೆ ಉಕ್ಕಾಗುವುದು. ಸ್ಟಿಯರಿಂಗ್ ಚಕ್ರವನ್ನು ಮಾತ್ರ ಮಿತ್ರರು ಬಿಚ್ಚಿಸಿ ಮನೆಯ ಜಗಲಿಯಲ್ಲಿ ತೂಗುಹಾಕಿದ್ದಾರೆ.

ವಿದ್ಯಾರ್ಥಿ ಮಿತ್ರರೇ, ಸುತ್ತಿಗೆ ಎಲ್ಲೆಡೆಯೂ ಟಣ್ಣೆಂದಿದ್ದರೆ ನಾವು ಎಂಜಿನನ್ನು ಕಟ್ಟಿಸಿರೆಂದೇ ಹೇಳುತ್ತಿದ್ದೆವು. ಹಳೆಯದೆಂಬ ಒಂದೇ ಕಾರಣಕ್ಕೆ ಯಾವ ಯಂತ್ರವೂ ತ್ಯಾಜ್ಯವಲ್ಲ. ನಮ್ಮ ಕಾಯಿದೆ ಖಾಸಗಿ ವಾಹನಕ್ಕೆ ಮೊದಲು 15 ವರ್ಷದ ನೋಂದಣಿಯನ್ನು ಕೊಟ್ಟು, ಬಳಿಕ ಪರೀಕ್ಷಿಸಿ 5 ವರ್ಷಕ್ಕೊಮ್ಮೆ ನವೀಕರಿಸುವುದರ ಅರ್ಥವೂ ಇದೇ. ನಿಮ್ಮ ಮನೆಯಲ್ಲಿ ಪಂಪುಸೆಟ್ಟೋ, ಟ್ರ್ಯಾಕ್ಟರೋ, ಜೀಪೋ ಮುದಿಯಾದಾಗ, ಇದುವರೆಗೆ ಎಷ್ಟು ಖರ್ಚಾಯಿತೆಂದು ಕೇಳಬೇಡಿ; ಎಷ್ಟು ವರ್ಷವಾಯಿತೆಂದೂ ಕೇಳಬೇಡಿ. ಬದಲಿಸಲಾಗದ ಭಾಗ ಯಾವುದು, ಅದರಲ್ಲಿ ಇನ್ನೆಷ್ಟು ಉಳಿದಿದೆ ಎಂದು ಕೇಳಿ. ಉತ್ತರ ಬೇಕಾದರೆ ಮೊದಲು ಕೆಸರನ್ನು ತೊಳೆಯಿರಿ.