ಸಂಗಾತಿಯ ಆಯ್ಕೆಯಲ್ಲಿ ಅನುಕರಣೆ

ಸಂಕ್ರಾಂತಿಯ ಸಮಯದಲ್ಲಿ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನಗಳ ಸಂತೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ರೈತರು ಎತ್ತು ಕೊಳ್ಳಲು ಬರುತ್ತಾರೆ. ಅನುಭವಸ್ಥ ರೈತ ಎತ್ತಿನ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇದಕ್ಕೆ ಹೊತ್ತು ಬೇಕು, ತಿಳಿವಳಿಕೆಯೂ ಬೇಕು. ಮೊದಲ ಸಲ ಬಂದ ತರುಣ ಹಾಗೆ ಮಾಡುವುದಿಲ್ಲ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಯಾವ ಜೋಡಿಗೆ ವ್ಯಾಪಾರ ಜೋರಾಗಿ ನಡೆದಿದೆಯೋ ಅಲ್ಲಿಗೆ ಹೋಗಿ ನಿಲ್ಲುತ್ತಾನೆ. ‘ಇಷ್ಟು ಮಂದಿ ಕೇಳಾಕತ್ತಾರಂದ್ರ ಎತ್ತು ಚಲೋನ ಇರಬೇಕು’ ಎಂಬುದು ಅವನ ಲೆಕ್ಕ.

ಪ್ರಾಣಿಗಳು ಸಂಗಾತಿಯನ್ನು ಆರಿಸುವಾಗಲೂ ಇಂಥ ಲೆಕ್ಕ ನಡೆಯುತ್ತದೆಯೇ? ನಡೆಯುವುದಾದರೆ ಆ ಗುಣ ವಿಕಾಸದಲ್ಲಿ ಹೇಗೆ ಉಳಿದುಬಂತು? ಭೌತವಿಜ್ಞಾನದ ಅಧ್ಯಾಪಕನಾದ ನನ್ನನ್ನು ಈ ಪ್ರಶ್ನೆ ಸೆಳೆದದ್ದು ಸಂಭವನೀಯತೆಯ ಒಂದು ಸರಳ ಲೆಕ್ಕದ ಮೂಲಕ. ಆ ಲೆಕ್ಕಕ್ಕೆ ಮೊದಲು ಪ್ರಯೋಗಗಳನ್ನು ನೋಡೋಣ.

ಗುಂಪು ಸೇರುವುದೆಲ್ಲ ಅನುಕರಣೆಯಲ್ಲ

ಗುಜರಾತಿನ ವೇಳಾವದರದಲ್ಲಿ ಕೃಷ್ಣಮೃಗದ (ನಮ್ಮ ಕಡೆಯ ಚಿಗರಿ) ಗಂಡುಗಳು ಒಂದೇ ಬಯಲಿನಲ್ಲಿ ಹತ್ತಿರ ಹತ್ತಿರ ಪುಟ್ಟ ಠಾವುಗಳನ್ನು ಹಿಡಿದು ನಿಲ್ಲುತ್ತವೆ. ಹೆಣ್ಣುಗಳು ಅಲ್ಲಿಗೆ ಬಂದು ಗಂಡನ್ನು ಆರಿಸುತ್ತವೆ. ಇಂಥ ಬಯಲುಗಳಲ್ಲಿ ಕೆಲವೇ ಗಂಡುಗಳಿಗೆ ಹೆಚ್ಚಿನ ಹೆಣ್ಣುಗಳು ಒಲಿಯುವುದು ಸಾಮಾನ್ಯ. ಇದನ್ನು ಕಂಡ ಕೂಡಲೇ ಒಂದು ಹೆಣ್ಣು ಇನ್ನೊಂದನ್ನು ಅನುಕರಿಸಿತು ಎಂದು ಹೇಳಲಾಗದು. ಆ ಗಂಡು ನಿಜವಾಗಿಯೂ ಉತ್ತಮವಾಗಿದ್ದು, ಪ್ರತಿ ಹೆಣ್ಣೂ ತಾನಾಗಿ ನೋಡಿ ಅದನ್ನೇ ಆರಿಸಿರಬಹುದು. ಹೆಣ್ಣುಗಳಿಗೆ ಒಟ್ಟಿಗಿರುವುದೇ ಹಿತವಾಗಿರಲೂಬಹುದು. ಯುರೋಪಿನ ಫ್ಯಾಲೋ ಜಿಂಕೆಗಳ ಮೇಲೆ ಕ್ಲಟನ್-ಬ್ರಾಕ್ ಮತ್ತು ಮೆಕೋಂಬ್ 1993ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹೀಗೆಯೇ ಆಯಿತು. ಹೆಣ್ಣುಗಳು ಹೋದದ್ದು ಬೇರೆ ಹೆಣ್ಣುಗಳ ಗುಂಪಿನ ಕಡೆಗೆ. ಅವು ಮತ್ತೊಂದು ಹೆಣ್ಣಿನ ಆಯ್ಕೆಯನ್ನು ಅನುಕರಿಸಿದವೆಂಬುದಕ್ಕೆ ಪುರಾವೆ ಸಿಗಲಿಲ್ಲ.

ಗಪ್ಪಿ ಮೀನಿನ ಪ್ರಯೋಗ

ಈ ಸಾಧ್ಯತೆಗಳನ್ನು ಬೇರ್ಪಡಿಸಿ ನೋಡಿದವರಲ್ಲಿ ಅಮೆರಿಕದ ಲೀ ಡುಗಾಟ್ಕಿನ್ ಪ್ರಮುಖರು. ಅವರು ಬಳಸಿದ್ದು ಗಪ್ಪಿ ಮೀನನ್ನು. ಇದು ನಮಗೆ ಹೊಸದಲ್ಲ. ಸೊಳ್ಳೆಯ ಮರಿಗಳನ್ನು ತಿನ್ನುತ್ತದೆಂದು ಕರ್ನಾಟಕದ ಹಳ್ಳಿಗಳಲ್ಲಿ ಮಲೇರಿಯ ತಡೆಯಲು ಬಾವಿಗಳಿಗೆ ಬಿಟ್ಟ ಮೀನು ಇದೇ. ಇದರ ತವರು ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಟ್ರಿನಿಡಾಡ್. ಗಂಡು ಚಿಕ್ಕದು, ಮೈಮೇಲೆ ಕಿತ್ತಳೆ ಮಚ್ಚೆಗಳು. ಹೆಣ್ಣು ದೊಡ್ಡದು, ಮಾಸಲು ಬಣ್ಣ.

1992ರ ಪ್ರಯೋಗದಲ್ಲಿ ಗಾಜಿನ ತೊಟ್ಟಿಯ ಎರಡು ತುದಿಗಳಲ್ಲಿ ಒಂದೊಂದು ಗಂಡನ್ನು ಬೇರೆಯಾಗಿಟ್ಟು, ನಡುವೆ ಪಾರದರ್ಶಕ ಕೊಳವೆಯಲ್ಲಿ ಒಂದು ಹೆಣ್ಣನ್ನು ಇರಿಸಿದರು. ಒಂದು ಗಂಡಿನ ಪಕ್ಕದಲ್ಲಿ ಮತ್ತೊಂದು ಹೆಣ್ಣು ಸ್ವಲ್ಪ ಹೊತ್ತು ಇರುವಂತೆ ಮಾಡಿ, ನಡುವಿನ ಹೆಣ್ಣಿಗೆ ಅದನ್ನು ನೋಡಲು ಬಿಟ್ಟರು. ಬಳಿಕ ಆ ಎರಡನೆಯ ಹೆಣ್ಣನ್ನು ತೆಗೆದು, ನೋಡಿದ ಹೆಣ್ಣನ್ನು ಬಿಡುಗಡೆ ಮಾಡಿದರು. 20 ಸಲದಲ್ಲಿ 17 ಸಲ ಅದು ಆರಿಸಿದ್ದು ಮೊದಲೇ ಜೊತೆ ಸಿಕ್ಕಿದ್ದ ಗಂಡನ್ನು. ನಾಣ್ಯ ಚಿಮ್ಮಿದಂತೆ ಬರೀ ಆಕಸ್ಮಿಕವಾಗಿದ್ದರೆ 17 ಅಥವಾ ಅದಕ್ಕಿಂತ ಹೆಚ್ಚು ಬರುವ ಸಂಭವ ಸಾವಿರಕ್ಕೆ ಒಂದಕ್ಕಿಂತ ತುಸು ಹೆಚ್ಚು, ಅಷ್ಟೆ. ಗಂಡುಗಳೇ ಇಲ್ಲದೆ ಪ್ರಯೋಗ ಮಾಡಿದಾಗ ಈ ಒಲವು ಕಾಣಲಿಲ್ಲ. ಆದ್ದರಿಂದ ಇದು ಕೇವಲ ಹೆಣ್ಣಿರುವ ಜಾಗದ ಸೆಳೆತವಾಗಿರಲಿಲ್ಲ.

ಒಂದು ಸಣ್ಣ ಲೆಕ್ಕ

ಅನುಕರಣೆಯಿಂದ ಲಾಭವೇನು? ಎರಡು ಗಂಡುಗಳಲ್ಲಿ ಉತ್ತಮವಾದುದನ್ನು ಒಂದು ಹೆಣ್ಣು ತಾನೇ ನೋಡಿ ಆರಿಸಿದರೆ 1000ಕ್ಕೆ 600 ಸಲ ಸರಿಯಾಗುತ್ತದೆ ಎಂದು ಊಹಿಸೋಣ. ಮೂರು ಹೆಣ್ಣುಗಳು ಒಂದನ್ನೊಂದು ನೋಡದೆ ಆರಿಸಿದರೆ ಅವುಗಳ ಬಹುಮತ ಸರಿಯಾಗುವುದು 648 ಸಲ. ಏಳು ಹೆಣ್ಣುಗಳಾದರೆ ಸುಮಾರು 710 ಸಲ. ಎಂಟನೆಯದಾಗಿ ಬಂದ ಹೆಣ್ಣು ಆ ಬಹುಮತವನ್ನು ಅನುಸರಿಸಿದರೆ, ತಾನೇ ನೋಡುವುದಕ್ಕಿಂತ ಉತ್ತಮ ಫಲ ಸಿಗುತ್ತದೆ. ಹುಡುಕುವ ಹೊತ್ತು ಉಳಿಯುತ್ತದೆ, ಬೇಟೆಗಾರ ಪ್ರಾಣಿಯ ಕಣ್ಣಿಗೆ ಬೀಳುವ ಅಪಾಯವೂ ಕಡಿಮೆ. ಅನುಕರಣೆಯ ಗುಣಕ್ಕೆ ನೈಸರ್ಗಿಕ ಆಯ್ಕೆಯ ಬೆಂಬಲ ಸಿಗುವುದು ಹೀಗೆ.

ಈಗ ಲೆಕ್ಕವನ್ನು ಮುಂದುವರಿಸಿ. ಏಳರಲ್ಲಿ ಮೊದಲ ಹೆಣ್ಣು ಮಾತ್ರ ನೋಡಿ ಆರಿಸಿ, ಉಳಿದ ಆರೂ ಅದರ ಹಿಂದೆ ಹೋದವು ಎನ್ನಿ. ಹೊರಗಿನಿಂದ ನೋಡಿದವರಿಗೆ ಏಳು ಮತಗಳು ಕಾಣುತ್ತವೆ. ಆದರೆ ಒಳಗಿರುವುದು ಒಂದೇ ಮತ. ಸರಿಯಾಗುವ ಸಂಭವ ಮತ್ತೆ 600. ಮೊದಲನೆಯದೂ ನೋಡದೆ ಹೋಗಿದ್ದರೆ 500, ಅಂದರೆ ಕುರುಡು ಆಯ್ಕೆ. ಅಂಥ ಗುಂಪಿನಲ್ಲಿ ತಾನೇ ನೋಡುವ ಹೆಣ್ಣಿಗೆ 600 ಸಿಗುವುದರಿಂದ ಅದಕ್ಕೇ ಮೇಲುಗೈ. ಅನುಕರಿಸುವವರು ಹೆಚ್ಚಾದಷ್ಟೂ ಅನುಕರಣೆಯ ಬೆಲೆ ಇಳಿಯುತ್ತದೆ. ಹೀಗಾಗಿ ನೋಡುವವರು ಮತ್ತು ನೋಡಿ ನಡೆಯುವವರು ಒಂದು ಪ್ರಮಾಣದಲ್ಲಿ ಬೆರೆತು ಉಳಿಯಬೇಕು. ಲೋಸಿ ಮತ್ತು ಸಂಗಡಿಗರು 1986ರಲ್ಲಿ ರೂಪಿಸಿದ ಮಾದರಿಯೂ ಇಂಥ ಬೆರಕೆಯನ್ನೇ ಸೂಚಿಸಿತು.

ಅನುಕರಣೆಗೂ ಮಿತಿ ಉಂಟು

ತಿಳಿವಳಿಕೆ ಕಡಿಮೆ ಇದ್ದವರಿಗೆ ಅನುಕರಣೆಯ ಲಾಭ ಹೆಚ್ಚು. ಡುಗಾಟ್ಕಿನ್ ಮತ್ತು ಗೊಡಿನ್ 1993ರಲ್ಲಿ ಕಂಡುಕೊಂಡಂತೆ ಎಳೆಯ ಗಪ್ಪಿಗಳು ಹಿರಿಯ ಹೆಣ್ಣುಗಳನ್ನು ಅನುಕರಿಸಿದವು, ಹಿರಿಯವು ಎಳೆಯವನ್ನು ಅನುಕರಿಸಲಿಲ್ಲ. ಎರಡು ಗಂಡುಗಳ ಕಿತ್ತಳೆ ಬಣ್ಣದಲ್ಲಿ ವ್ಯತ್ಯಾಸ ಕಡಿಮೆಯಿದ್ದಾಗ ಅನುಕರಣೆ ಗೆದ್ದಿತು. ವ್ಯತ್ಯಾಸ ಬಹಳವಾದಾಗ ಹೆಚ್ಚು ಕಿತ್ತಳೆಯ ಗಂಡಿನ ಕಡೆಗಿನ ಹುಟ್ಟು ಒಲವೇ ಗೆದ್ದಿತು ಎಂದು ಡುಗಾಟ್ಕಿನ್ 1996ರಲ್ಲಿ ತೋರಿಸಿದರು. ಕಣ್ಣಿಗೆ ಢಾಳಾಗಿ ಕಾಣುವಾಗ ಪಕ್ಕದವಳನ್ನು ಕೇಳುವ ಅಗತ್ಯವಿಲ್ಲ. ಅದೇ ವರ್ಷ ಬ್ರೂಕ್ಸ್ ದಕ್ಷಿಣ ಆಫ್ರಿಕದ ಗಪ್ಪಿಗಳನ್ನು ಪರೀಕ್ಷಿಸಿದಾಗ ಅನುಕರಣೆ ಕಂಡುಬರಲಿಲ್ಲ. ಒಂದೇ ಪ್ರಭೇದವಾದರೂ ಎಲ್ಲ ನೀರಿನಲ್ಲೂ ಒಂದೇ ನಡತೆ ಇರಬೇಕೆಂದಿಲ್ಲ.

ಸಂತೆಯಲ್ಲಿ ದಲ್ಲಾಳಿ ತನ್ನವರನ್ನೇ ಗಿರಾಕಿಗಳಂತೆ ನಿಲ್ಲಿಸುವುದುಂಟು. ಮೀನುಗಳಲ್ಲೂ ಇದಕ್ಕೆ ಹತ್ತಿರದ ಉದಾಹರಣೆಯಿದೆ. ಗಪ್ಪಿಯ ಬಳಗದ ಅಟ್ಲಾಂಟಿಕ್ ಮೋಲಿಯ ಗಂಡು, ಎದುರಾಳಿ ಗಂಡು ನೋಡುತ್ತಿದ್ದರೆ, ತನಗೆ ಮೆಚ್ಚುಗೆಯಿಲ್ಲದ ಹೆಣ್ಣಿನ ಕಡೆಗೆ ಮೊದಲು ಹೋಗುತ್ತದೆಂದು 2008ರಲ್ಲಿ ವರದಿಯಾಯಿತು. ಇಲ್ಲಿ ಮೋಸಹೋಗುವುದು ನೋಡಿ ನಡೆಯುವ ಗಂಡು.

ವಂಶವಾಹಿಯಿಲ್ಲದ ಬಳುವಳಿ

ಫ್ರಾನ್ಸಿನ ಎಟಿಯೆನ್ ಡಾಂಚಿನ್ ಮತ್ತು ಸಂಗಡಿಗರು 2018ರಲ್ಲಿ ಹಣ್ಣುನೊಣಗಳ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಗಂಡು ನೊಣಗಳಿಗೆ ಗುಲಾಬಿ ಅಥವಾ ಹಸಿರು ಪುಡಿ ಸವರಲಾಗಿತ್ತು. ಒಂದು ಬಣ್ಣದ ಗಂಡು ಆಯ್ಕೆಯಾದದ್ದನ್ನು ನೋಡಿದ ಹೆಣ್ಣುಗಳು, ಆಮೇಲೆ ಅದೇ ಬಣ್ಣದ ಬೇರೆ ಗಂಡುಗಳನ್ನೂ ಬಯಸಿದವು. ಅವುಗಳನ್ನು ನೋಡಿದ ಹೆಣ್ಣುಗಳಿಗೂ ಆ ಒಲವು ದಾಟಿತು. ವಂಶವಾಹಿಯ ನೆರವಿಲ್ಲದೆ ಒಂದು ರೂಢಿ ಮುಂದುವರಿಯುವ ದಾರಿ ಇದು.

ನಮ್ಮ ನಾಲ್ಕು ತಾಲೂಕುಗಳ ಶಾಲೆಗಳಲ್ಲೂ ಗಪ್ಪಿಯ ಪರೀಕ್ಷೆ ಮಾಡಬಹುದು. ಒಂದು ಗಾಜಿನ ತೊಟ್ಟಿ, ಕೆಲವು ಪಾರದರ್ಶಕ ಭರಣಿಗಳು ಸಾಕು. ಎರಡನೆಯ ಹೆಣ್ಣನ್ನು ಯಾವ ಗಂಡಿನ ಪಕ್ಕದಲ್ಲಿಡಬೇಕೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿ. ಪ್ರತಿ ಸಲ ಹೊಸ ಹೆಣ್ಣನ್ನು ಬಳಸಿ, ಕನಿಷ್ಠ 20 ಸಲ ಮಾಡಿ. ಗಂಡುಗಳಿಲ್ಲದೆಯೂ ಅಷ್ಟೇ ಸಲ ಮಾಡಿ. ಮುಗಿದ ಮೇಲೆ ಮೀನುಗಳನ್ನು ಕೆರೆ, ಹಳ್ಳ, ಹೊಳೆಗೆ ಬಿಡಬಾರದು. ಹೊರಗಿನಿಂದ ಬಂದ ಈ ಮೀನು ಸ್ಥಳೀಯ ಮೀನುಗಳಿಗೆ ತೊಂದರೆ ಕೊಡಬಲ್ಲದು. ಫಲಿತಾಂಶ 17 ಬರಲಿ, 10 ಬರಲಿ, ಇದ್ದಂತೆ ಬರೆದಿಡಿ. ಪಕ್ಕದ ಗುಂಪಿನವರ ಪುಸ್ತಕ ನೋಡಿ ಅಂಕಿ ಬರೆದರೆ ಮಾತ್ರ, ಮೇಲಿನ ಲೆಕ್ಕದಂತೆ, ಎರಡು ಪುಸ್ತಕಗಳಿಗೆ ಒಂದೇ ಪುಸ್ತಕದ ಬೆಲೆ.