ರೇಖೆಯ ಸಾಧನೆ

ಹಾಳೆಯ ಮೇಲೆ ಮರವೊಂದನ್ನು ತಪ್ಪಾಗಿ ಬರೆದರೆ, ನೋಡುವವರು ಅದನ್ನು ಮತ್ತೊಂದು ಮರವೆಂದು ಒಪ್ಪಿಕೊಂಡಾರು. ಆದರೆ ಪರಿಚಿತನೊಬ್ಬನ ಮುಖವನ್ನು ಕೂದಲೆಳೆಯಷ್ಟು ತಪ್ಪಿ ಬರೆದರೂ ಅವರು ಒಪ್ಪಲಾರರು. ಹುಟ್ಟಿದಂದಿನಿಂದ ಮುಖಗಳನ್ನೇ ನೋಡಿ ಬೆಳೆದ ಕಣ್ಣು ಅಷ್ಟು ಸೂಕ್ಷ್ಮವಾಗಿರುತ್ತದೆ. ಆದುದರಿಂದಲೇ ಮುಖಚಿತ್ರ ಮತ್ತು ಮಾನವಾಕೃತಿಯ ರಚನೆಯನ್ನು ಚಿತ್ರಕಲೆಯ ಕಠಿನ ಪರೀಕ್ಷೆಗಳೆಂದು ಎಣಿಸುತ್ತಾರೆ. ಇದರಲ್ಲಿ ಗೆಲ್ಲಲು ಹುಟ್ಟುಪ್ರತಿಭೆಯೊಂದೇ ಬೇಕೆಂದು ಹಲವರು ಭಾವಿಸುತ್ತಾರೆ. ‘ಸಾಧಿಸಿದರೆ ಸಬಳವನ್ನೂ ನುಂಗಬಹುದು’ ಎಂಬುದು ನಮ್ಮ ಹಿರಿಯರ ಗಾದೆ. ಇವೆರಡರಲ್ಲಿ ಯಾವುದು ನಿಜ? ವಿನ್ಸೆಂಟ್ ವ್ಯಾನ್ ಗೋ ಎಂಬ ಚಿತ್ರಕಾರನ ಜೀವನ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

ವ್ಯಾನ್ ಗೋ 1853ರ ಮಾರ್ಚ್ 30ರಂದು ನೆದರ್ಲೆಂಡ್ಸ್ ದೇಶದ ಜುಂಡರ್ಟ್ ಎಂಬ ಹಳ್ಳಿಯಲ್ಲಿ ಕ್ರೈಸ್ತ ಪಾದ್ರಿಯೊಬ್ಬರ ಮಗನಾಗಿ ಜನಿಸಿದನು. ಹದಿನಾರನೆಯ ವಯಸ್ಸಿನಲ್ಲಿ ಚಿತ್ರಗಳನ್ನು ಮಾರುವ ವ್ಯಾಪಾರಸಂಸ್ಥೆಯೊಂದನ್ನು ಸೇರಿದನು. 1876ರಲ್ಲಿ ಆ ಕೆಲಸ ಕೈತಪ್ಪಿತು. ಬಳಿಕ ಶಾಲಾ ಶಿಕ್ಷಕನಾದನು, ಪುಸ್ತಕದಂಗಡಿಯಲ್ಲಿ ದುಡಿದನು, ಬೆಲ್ಜಿಯಂ ದೇಶದ ಕಲ್ಲಿದ್ದಲು ಗಣಿಗಳ ನಡುವೆ ಧರ್ಮಬೋಧಕನಾದನು. ಯಾವುದರಲ್ಲಿಯೂ ಆತ ನೆಲೆ ನಿಲ್ಲಲಿಲ್ಲ. 1880ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಚಿತ್ರಕಾರನಾಗಬೇಕೆಂದು ನಿರ್ಧರಿಸಿದನು. ಅದುವರೆಗೆ ಆತ ಬಿಡುವಿನ ವೇಳೆಯಲ್ಲಿ ಗೀಚುತ್ತಿದ್ದ ಹವ್ಯಾಸಿ ಮಾತ್ರ. ಕೈಯಲ್ಲಿ ಹಣವಿರಲಿಲ್ಲ, ಬಳಿಯಲ್ಲಿ ಗುರುವಿರಲಿಲ್ಲ. ಆತನಿಗಿಂತ ನಾಲ್ಕು ವರ್ಷ ಕಿರಿಯನಾದ ತಮ್ಮ ಥಿಯೋ ತನ್ನ ಸಂಬಳದಲ್ಲಿ ಉಳಿಸಿ ಕಳುಹಿಸುತ್ತಿದ್ದ ಹಣವೇ ಮುಂದೆ ಅಣ್ಣನ ಬಾಳಿಗೆ ಆಧಾರವಾಯಿತು.

ವ್ಯಾನ್ ಗೋ ಮಾಡಿದ ಮೊದಲನೆಯ ಕೆಲಸವೆಂದರೆ ನಕಲು. ಚಾರ್ಲ್ಸ್ ಬಾರ್ಗ್ ಎಂಬ ಫ್ರೆಂಚ್ ಕಲಾವಿದನು ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ್ದ ಅಭ್ಯಾಸದ ಹಾಳೆಗಳನ್ನು ಎರವಲು ತರಿಸಿಕೊಂಡು, ಇದ್ದಿಲಿನಿಂದ ಬರೆಯುವ ಮಾನವಾಕೃತಿಗಳ 60 ಹಾಳೆಗಳನ್ನೂ ಒಂದೊಂದಾಗಿ ಬರೆದು ಮುಗಿಸಿದನು. ಇಂತಹ ನಕಲು ವ್ಯರ್ಥ ಶ್ರಮವಲ್ಲ. ಉಬ್ಬುತಗ್ಗುಗಳಿರುವ ದೇಹವನ್ನು ಚಪ್ಪಟೆಯಾದ ಹಾಳೆಗೆ ಇಳಿಸುವಾಗ ಯಾವ ಗೆರೆಯನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವನ್ನು ಅದು ಕಲಿಸುತ್ತದೆ.

ಹೊಸದಾಗಿ ಕಲಿಯುವವರು ತಪ್ಪು ಮಾಡುವುದು ಸಾಮಾನ್ಯವಾಗಿ ಕೈಯ ದೋಷದಿಂದಲ್ಲ, ಕಣ್ಣಿನ ದೋಷದಿಂದ. ಮುಖವನ್ನು ಬರೆಯುವಾಗ ಅವರು ಕಣ್ಣುಗಳನ್ನು ಹಣೆಯ ಬಳಿಗೆ ಏರಿಸಿಬಿಡುತ್ತಾರೆ. ವಾಸ್ತವವಾಗಿ ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣುಗಳು ಸರಿಸುಮಾರು ನಡುಮಧ್ಯದಲ್ಲಿರುತ್ತವೆ. ಕಣ್ಣು, ಮೂಗು, ಬಾಯಿಗಳು ಗಮನವನ್ನು ಸೆಳೆಯುವುದರಿಂದ ಮನಸ್ಸು ಅವುಗಳನ್ನು ದೊಡ್ಡದಾಗಿ ಕಲ್ಪಿಸಿಕೊಂಡು, ತಲೆಯ ಮೇಲ್ಭಾಗವನ್ನು ಕಿರಿದುಮಾಡುತ್ತದೆ. ಹಾಗೆಯೇ ನಿಂತ ವಯಸ್ಕ ಮನುಷ್ಯನ ಎತ್ತರ ಅವನ ತಲೆಯ ಉದ್ದದ ಏಳು, ಏಳೂವರೆ ಪಾಲಿನಷ್ಟಿರುತ್ತದೆ. ಇದನ್ನು ಅರಿಯಲು ಚಿತ್ರಕಾರರು ಸುಲಭವಾದ ಉಪಾಯವೊಂದನ್ನು ಬಳಸುತ್ತಾರೆ. ತೋಳನ್ನು ನೀಳವಾಗಿ ಚಾಚಿ, ಒಂದು ಕಣ್ಣನ್ನು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳಿನಿಂದ ಒಂದು ಭಾಗದ ಅಳತೆಯನ್ನು ಗುರುತಿಸಿಕೊಂಡು, ಅದನ್ನು ಇತರ ಭಾಗಗಳೊಡನೆ ಹೋಲಿಸುತ್ತಾರೆ. ತಾನು ತಿಳಿದುದನ್ನು ಬಿಟ್ಟು ಕಂಡುದನ್ನು ಬರೆಯುವ ಶಿಸ್ತಿಗೆ ಇದೇ ಮೊದಲ ಮೆಟ್ಟಿಲು.

ಹೊರಗಣ ಆಕಾರವನ್ನು ಅರಿಯಬೇಕಾದರೆ ಒಳಗಣ ರಚನೆಯೂ ತಿಳಿದಿರಬೇಕು. ಬ್ರಸೆಲ್ಸ್ ನಗರಕ್ಕೆ ಬಂದ ವ್ಯಾನ್ ಗೋ ಅಂಗರಚನಾಶಾಸ್ತ್ರದ ಪುಸ್ತಕವನ್ನಿಟ್ಟುಕೊಂಡು, ತಲೆ, ಮುಂಡ, ಕೈ, ಕಾಲುಗಳ ಮೂಳೆ ಮತ್ತು ಸ್ನಾಯುಗಳನ್ನು ಐದು ದೊಡ್ಡ ಹಾಳೆಗಳಲ್ಲಿ ಬರೆದನು. ಚರ್ಮದ ಕೆಳಗೆ ಮೂಳೆ ಎಲ್ಲಿ ತಿರುಗುತ್ತದೆ, ಸ್ನಾಯು ಎಲ್ಲಿ ಬಿಗಿಯುತ್ತದೆ ಎಂಬುದನ್ನು ಬಲ್ಲವನಿಗೆ ಮೈಮೇಲೆ ಬಿದ್ದ ಬೆಳಕುನೆರಳುಗಳ ಅರ್ಥ ತಾನಾಗಿ ತಿಳಿಯುತ್ತದೆ.

ಆದರೆ ಪುಸ್ತಕದ ದೇಹ ಅಲುಗಾಡುವುದಿಲ್ಲ; ಜೀವಂತ ದೇಹ ಒಂದು ಗಳಿಗೆ ಇದ್ದಂತೆ ಮತ್ತೊಂದು ಗಳಿಗೆ ಇರುವುದಿಲ್ಲ. 1881ರಲ್ಲಿ ವ್ಯಾನ್ ಗೋ ಎಟ್ಟೆನ್ ಎಂಬ ಊರಿನಲ್ಲಿದ್ದ ತಂದೆತಾಯಿಯರ ಮನೆಗೆ ಬಂದು, ನೆಲ ಅಗೆಯುವವರನ್ನೂ ಬೀಜ ಬಿತ್ತುವವರನ್ನೂ ಹೊಲಿಗೆ ಹಾಕುವ ಹೆಂಗಸರನ್ನೂ ಮತ್ತೆ ಮತ್ತೆ ಬರೆದನು. ಅನಂತರ ಹೇಗ್ ನಗರದಲ್ಲಿ ಬಂಧುವೂ ಹೆಸರಾಂತ ಚಿತ್ರಕಾರನೂ ಆಗಿದ್ದ ಆಂಟನ್ ಮಾವ್ ಆತನಿಗೆ ಮಾರ್ಗದರ್ಶನ ಮಾಡಿದನು. ಪ್ಲಾಸ್ಟರಿನ ಅಚ್ಚುಗಳನ್ನು ನೋಡಿ ಬರೆಯಬೇಕೆಂದು ಮಾವ್ ಹೇಳಿದಾಗ ವ್ಯಾನ್ ಗೋ ಕೋಪಗೊಂಡು, ಅವುಗಳನ್ನು ಒಡೆದು ಕಲ್ಲಿದ್ದಲಿನ ತೊಟ್ಟಿಗೆ ಎಸೆದನು. ಜೀವಂತ ಕೈಕಾಲುಗಳು ಲೋಕದಲ್ಲಿರುವಾಗ ಪ್ಲಾಸ್ಟರು ಏಕೆಂಬುದು ಆತನ ವಾದ. ಆತುರದ ಈ ವರ್ತನೆಯಿಂದ ಒಳ್ಳೆಯ ಗುರುವೊಬ್ಬನು ದೂರವಾದನು.

ಆದರೆ ಆಡಿದ ಮಾತಿಗೆ ತಕ್ಕಂತೆ ಆತ ದುಡಿದನು. ವೃದ್ಧಾಶ್ರಮದ ಮುದುಕನೊಬ್ಬನನ್ನು ಕರೆತಂದು, ಆತ ನಿಂತಾಗ, ಕುಳಿತಾಗ, ಎರಡೂ ಕೈಗಳಲ್ಲಿ ಮುಖ ಹುದುಗಿಸಿಕೊಂಡಾಗ ಹಲವು ಬಾರಿ ಬರೆದನು. ಎದುರು ಕೂರುವವರಿಗೆ ಕೂಲಿ ಕೊಡುವುದಕ್ಕಾಗಿ ಎಷ್ಟೋ ವೇಳೆ ತಾನು ಉಪವಾಸವಿದ್ದನು. ಬಡಗಿಗಳು ಬಳಸುವ ದಪ್ಪ ಪೆನ್ಸಿಲಿನಿಂದ ಬರೆದು, ಅದರ ಹೊಳಪು ಅಡಗಲೆಂದು ಚಿತ್ರದ ಮೇಲೆ ಹಾಲನ್ನು ಹೊಯ್ಯುತ್ತಿದ್ದನು. ದೂರಸಮೀಪಗಳ ಅಳತೆ ತಪ್ಪದಿರಲೆಂದು 1882ರಲ್ಲಿ ಒಂದು ಚೌಕಟ್ಟನ್ನು ಮಾಡಿಸಿಕೊಂಡನು. ಎರಡು ಗೂಟಗಳ ಮೇಲೆ ನಿಲ್ಲುತ್ತಿದ್ದ ಆ ಚೌಕಟ್ಟಿಗೆ ಅಡ್ಡವಾಗಿ, ಉದ್ದವಾಗಿ, ಮೂಲೆಯಿಂದ ಮೂಲೆಗೆ ಎಳೆಗಳನ್ನು ಬಿಗಿದಿದ್ದಿತು. ಕಿಟಕಿಯೊಳಗಿಂದ ನೋಡುವಂತೆ ಅದರ ಮೂಲಕ ನೋಡಿದರೆ, ಯಾವ ಎಳೆಗೆ ಭುಜ ತಾಗುತ್ತದೆ, ಯಾವ ಎಳೆಯ ಕೆಳಗೆ ಮೊಣಕಾಲು ಬರುತ್ತದೆ ಎಂಬುದು ಸ್ಪಷ್ಟವಾಗಿ ಗೋಚರಿಸುತ್ತಿತ್ತು.

1883ರ ಕೊನೆಯಲ್ಲಿ ಆತ ನ್ಯೂನೆನ್ ಎಂಬ ಹಳ್ಳಿಗೆ ಬಂದನು. ಮುಂದಿನ ವರ್ಷದ ಚಳಿಗಾಲದಲ್ಲಿ ರೈತರ ಐವತ್ತು ಮುಖಗಳನ್ನು ಬರೆಯುವ ಸಂಕಲ್ಪ ಮಾಡಿ, ಬಿಸಿಲುಗಾಳಿಗಳಿಗೆ ಒರಟಾದ ಆ ಮುಖಗಳನ್ನು ಎಡೆಬಿಡದೆ ಚಿತ್ರಿಸಿದನು. ಆ ಅಭ್ಯಾಸದ ಫಲವೇ 1885ರ ‘ಆಲೂಗಡ್ಡೆ ತಿನ್ನುವವರು’ ಎಂಬ ಚಿತ್ರ. ತೂಗುದೀಪದ ಮಂದಬೆಳಕಿನಲ್ಲಿ ಬಡ ಕುಟುಂಬದ ಐವರು ಒಂದೇ ತಟ್ಟೆಯಿಂದ ಉಣ್ಣುತ್ತಿರುವ ದೃಶ್ಯವದು. ತಟ್ಟೆಗೆ ಚಾಚಿದ ಕೈಗಳೇ ನೆಲವನ್ನು ಅಗೆದ ಕೈಗಳೆಂಬುದು ನೋಡಿದವರಿಗೆ ತಿಳಿಯಬೇಕೆಂಬುದು ಆತನ ಬಯಕೆಯಾಗಿತ್ತು. ಅದರ ಕಲ್ಲಚ್ಚಿನ ಪ್ರತಿಯನ್ನು ಕಂಡ ಕಲಾವಿದ ಮಿತ್ರ ವಾನ್ ರಪ್ಪಾರ್ಡ್, ಒಬ್ಬನ ತೋಳು ಗಿಡ್ಡವಾಗಿದೆ, ಮೂಗು ಅರ್ಧವೇ ಇದೆ ಎಂದು ಕಟುವಾಗಿ ಟೀಕಿಸಿ ಬರೆದನು. ಐದು ವರ್ಷಗಳ ಸ್ನೇಹ ಮುರಿದುಬಿತ್ತು. ಅಳತೆಯ ದೃಷ್ಟಿಯಿಂದ ಆ ಟೀಕೆ ಸುಳ್ಳಾಗಿರಲಿಲ್ಲ. ಆದರೆ ದುಡಿದು ದಣಿದ ಜೀವಗಳ ಸತ್ಯ ಆ ಚಿತ್ರದಲ್ಲಿತ್ತು. ಇಂದು ಅದು ಆಂಸ್ಟರ್‌ಡ್ಯಾಮಿನ ವ್ಯಾನ್ ಗೋ ವಸ್ತುಸಂಗ್ರಹಾಲಯದಲ್ಲಿದೆ.

1886ರಲ್ಲಿ ವ್ಯಾನ್ ಗೋ ಪ್ಯಾರಿಸ್ ನಗರದಲ್ಲಿದ್ದ ತಮ್ಮನ ಬಳಿಗೆ ಹೋದನು. ಎದುರು ಕೂರಿಸಿಕೊಳ್ಳಲು ಯಾರೂ ದೊರೆಯದಿದ್ದಾಗ ಕನ್ನಡಿಯ ಮುಂದೆ ಕುಳಿತು ತನ್ನ ಮುಖವನ್ನೇ ಬರೆಯತೊಡಗಿದನು. ಕೂಲಿ ಕೇಳದ, ಬೇಸರಗೊಳ್ಳದ ಆ ಒಂದು ಮುಖ ಮೂವತ್ತಕ್ಕೂ ಹೆಚ್ಚು ಚಿತ್ರಗಳಿಗೆ ವಸ್ತುವಾಯಿತು. ಈಗ ಅವು ಜಗತ್ತಿನ ಪ್ರಸಿದ್ಧ ಮುಖಚಿತ್ರಗಳ ಸಾಲಿಗೆ ಸೇರಿವೆ.

1890ರ ಬೇಸಗೆಯಲ್ಲಿ, ಹತ್ತು ವರ್ಷಗಳ ದುಡಿಮೆಯ ಬಳಿಕ, ಓವೆರ್ ಎಂಬ ಹಳ್ಳಿಯಿಂದ ಆತ ತಮ್ಮನಿಗೆ ಒಂದು ಕೋರಿಕೆಯನ್ನು ಬರೆದನು. ಎಂಟುನೂರಕ್ಕೂ ಮಿಕ್ಕ ತೈಲಚಿತ್ರಗಳನ್ನು ರಚಿಸಿದ್ದ ಆತ ಬೇಡಿದುದು ಬಣ್ಣಗಳನ್ನಷ್ಟೇ ಅಲ್ಲ. ಮೊದಲ ದಿನಗಳಲ್ಲಿ ನಕಲು ಮಾಡಿದ್ದ ಬಾರ್ಗ್‌ನ ಆ ಅಭ್ಯಾಸದ ಹಾಳೆಗಳನ್ನು. ಮಾನವದೇಹದ ಪ್ರಮಾಣಗಳನ್ನು ಮರೆಯಬಾರದು, ಅವೆಲ್ಲವನ್ನೂ ಇನ್ನೊಮ್ಮೆ ಬರೆಯಬೇಕು ಎಂಬುದು ಆತನ ಹಂಬಲವಾಗಿತ್ತು. ಅದೇ ವರ್ಷದ ಜುಲೈ 29ರಂದು, ಮೂವತ್ತೇಳನೆಯ ವಯಸ್ಸಿನಲ್ಲಿ, ಆತ ತೀರಿಕೊಂಡನು.

ಕೈ ಪಳಗಿದ ಮೇಲೂ ಮೊದಲ ಪಾಠಕ್ಕೆ ಮರಳಲು ನಾಚದವನೇ ನಿಜವಾದ ವಿದ್ಯಾರ್ಥಿ. ಪ್ರತಿಭೆ ಬೀಜವಿದ್ದಂತೆ, ಅದನ್ನು ಮೊಳೆಯಿಸಿ ಬೆಳೆಸುವ ನೀರು ಸಾಧನೆಯೇ ಸರಿ.